ಹೈದರಾಬಾದು ಮತ್ತು ಕೆಟ್ಟ ಪದ್ಯದ ನಗು

ಕೆಟ್ಟ ಪದ್ಯ ಕೇಳಿ ನಗಬೇಕಾದರೆ ಒಳ್ಳೆಯ ಪದ್ಯ ಕೇಳಿ ಪಳಗಿದ ಕಿವಿ ಬೇಕು. ಹೈದರಾಬಾದಿಗೆ ಅಂಥ ಕಿವಿ ಕೊಟ್ಟದ್ದು ಉರ್ದು ಕವಿಗೋಷ್ಠಿಯಾದ ಮುಶಾಯಿರಾ, ಅದರಲ್ಲೂ ತರಹಿ ಮುಶಾಯಿರಾ. ಗೋಷ್ಠಿಗೆ ಮೊದಲೇ ಒಂದು ಸಾಲನ್ನು ಕವಿಗಳಿಗೆಲ್ಲ ಕೊಡುತ್ತಿದ್ದರು. ಆ ಸಾಲಿನ ಛಂದಸ್ಸು, ಅದರ ಪ್ರಾಸ, ಪ್ರಾಸದ ಬೆನ್ನಿಗೇ ಮರುಕಳಿಸಿ ಬರುವ ಪದವಾದ ರದೀಫ್ ಯಾವುದೂ ಕೆಡದಂತೆ ಎಲ್ಲರೂ ಗಜಲ್ ಬರೆದು ತರಬೇಕು. ನಾಲ್ಕಾರು ಕವಿಗಳು ಓದಿ ಮುಗಿಸುವಷ್ಟರಲ್ಲಿ ಆ ಅಳತೆಗೆ ಹೊಂದುವ ಪ್ರಾಸಪದಗಳೆಲ್ಲ ಕೇಳುಗರಿಗೂ ಬಾಯಿಪಾಠವಾಗಿರುತ್ತಿದ್ದವು. ಮುಂದಿನವನು ಗಜಲಿನ ದ್ವಿಪದಿಯಾದ ಷೇರಿನ ಮೊದಲ ಸಾಲನ್ನು ವಾಡಿಕೆಯಂತೆ ಎರಡು ಸಲ ಹೇಳಿ ಉಸಿರು ತೆಗೆದುಕೊಂಡಾಗ, ಬರಲಿರುವ ಪ್ರಾಸವನ್ನು ಸಭೆ ಆಗಲೇ ಊಹಿಸಿರುತ್ತದೆ. ಜಾಣ ಕವಿ ಆ ಪದವನ್ನು ತಪ್ಪಿಸುತ್ತಾನೆ, ಇಲ್ಲವೇ ಯಾರೂ ಎಣಿಸದ ಅರ್ಥದಲ್ಲಿ ತರುತ್ತಾನೆ. ಪೆದ್ದ ಕವಿ ಅದನ್ನೇ ತಂದಿಡುತ್ತಾನೆ. ಹಿಂದೆ ಕೂತವರು ಅವನಿಗಿಂತ ಮೊದಲೇ ಅದನ್ನು ಕೂಗಿರುತ್ತಾರೆ. ಆಮೇಲೆ ‘ಮುಕರ್ರರ್!’, ಅಂದರೆ ಇನ್ನೊಮ್ಮೆ ಹೇಳಿ ಎಂಬ ಗದ್ದಲ. ಒಳ್ಳೆಯ ಷೇರಿಗೆ ಸಲ್ಲುವ ಮರ್ಯಾದೆಯೇ ಕೆಟ್ಟದ್ದಕ್ಕೂ ಅದೇ ಮಾತಿನಲ್ಲಿ ಸಲ್ಲುತ್ತದೆ. ಕವಿಗೆ ಈ ವ್ಯತ್ಯಾಸ ತಿಳಿಯದಿದ್ದರೆ ಸಭೆಗೆ ಹಬ್ಬ.

ಪದ್ಯದ ತಪ್ಪು ಹುಡುಕುವ ಚಟ ಈ ಸೀಮೆಗೆ ಹೊಸದೂ ಅಲ್ಲ. ಸುಮಾರು 850ರಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದಲ್ಲಿ. ಇಂದಿನ ಕಲಬುರಗಿ ಜಿಲ್ಲೆಯ ಈ ಮಳಖೇಡ 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಕನ್ನಡದಲ್ಲಿ ಉಳಿದುಬಂದ ಮೊದಲ ಗ್ರಂಥದ ಮೊದಲ ಪರಿಚ್ಛೇದದ ವಿಷಯವೇ ಕಾವ್ಯದ ದೋಷಗಳು. ಕಾವ್ಯದ ಆರಂಭದಲ್ಲಿ ಕುಕವಿಗಳನ್ನು ಝಾಡಿಸುವುದು ಮುಂದೆ ಕನ್ನಡ ಕವಿಗಳಿಗೆ ಸಂಪ್ರದಾಯವೇ ಆಯಿತು. ಹೈದರಾಬಾದಿನ ಕಾಚಿಗುಡದ ಕನ್ನಡ ಶಾಲೆಗೆ ಇರುವುದು ಆ ಗ್ರಂಥಕ್ಕೆ ಆಶ್ರಯ ಕೊಟ್ಟ ನೃಪತುಂಗನ ಹೆಸರು.

ದೊರೆಯೇ ಕವಿಯಾದಾಗ ಮಾತ್ರ ತಪ್ಪು ಹುಡುಕುವುದು ಕಷ್ಟ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ‘ಆಸಿಫ್’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ. ಅವನ ಪದ್ಯ ತಿದ್ದುವ ಉಸ್ತಾದ್ ಆಗಿದ್ದವರು ದಿಲ್ಲಿಯ ಹೆಸರಾಂತ ಕವಿ ದಾಗ್. ಅವರು 1905ರಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನಿಗೆ ಜಲೀಲ್ ಮಾಣಿಕ್‌ಪುರಿ ಉಸ್ತಾದರು. ದಿವಾನ ಮಹಾರಾಜಾ ಕಿಶನ್ ಪ್ರಸಾದ್ ‘ಶಾದ್’ ಎಂಬ ಹೆಸರಿನ ಕವಿ, ಮುಶಾಯಿರಾಗಳ ದೊಡ್ಡ ಪೋಷಕ. ಗದ್ದುಗೆಯೂ ದಿವಾನಗಿರಿಯೂ ಗಜಲ್ ಹಾಡುತ್ತಿರುವ ಊರಿನಲ್ಲಿ ‘ವಾಹ್ ವಾಹ್’ ಎನ್ನುವುದು ಅಭಿಪ್ರಾಯವಾಗಿ ಉಳಿಯದೆ ನೌಕರಿಯ ಭಾಗವಾಯಿತು.

ಅದರ ಪರಾಕಾಷ್ಠೆ ಏಳನೆಯ ನಿಜಾಮನ ಎರಡನೆಯ ಮಗ ಮೋಅಜ್ಜಮ್ ಜಾಹ್‌ನ ಹಿಲ್ ಫೋರ್ಟ್ ಅರಮನೆ. ಊರಿನ ದೊಡ್ಡ ಮಾರುಕಟ್ಟೆಗೆ ಇರುವುದೂ ಇವನದೇ ಹೆಸರು. ‘ಶಜೀ’ ಎಂಬುದು ಅವನ ಕಾವ್ಯನಾಮ. ರಾತ್ರಿ ಕೂಡಿದ ದರ್ಬಾರು ಏಳುತ್ತಿದ್ದದ್ದು ಬೆಳಗಿನ ಜಾವ. ಅಲ್ಲಿ ಸಭಾಸದನಾಗಿದ್ದ ಕವಿ ಸಿದ್ಕ್ ಜಾಯಸಿ ‘ದರ್ಬಾರ್-ಎ-ದುರ್ಬಾರ್’ ಎಂಬ ನೆನಪಿನ ಪುಸ್ತಕದಲ್ಲಿ ಆ ರಾತ್ರಿಗಳನ್ನು ಬರೆದಿಟ್ಟಿದ್ದಾನೆ. ರಾಜಕುಮಾರನ ಗಜಲು ಕೇಳಿದವರು ನಿದ್ದೆ ಎಷ್ಟೇ ಎಳೆದರೂ ತಲೆದೂಗಬೇಕು. ಫಾನಿ ಬದಾಯೂನಿಯಂಥ ಹಿರಿಯ ಕವಿಯೂ ಆ ಮಂದಿಯಲ್ಲಿ ಒಬ್ಬರು. ಶಜೀಯ ಪದ್ಯದ ಗುಣ ಏನೇ ಇರಲಿ, ಹೊಗಳಿಕೆ ಮೊದಲೇ ಗೊತ್ತಾಗಿರುವ ಕಡೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬೆಲೆ ಒಂದೇ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ದರ್ಬಾರು ಹೋಯಿತು, ಪಳಗಿದ ಕಿವಿ ಉಳಿಯಿತು, ಹೊಗಳಲೇಬೇಕೆಂಬ ಕಟ್ಟು ಇಲ್ಲವಾಯಿತು. ಹೈದರಾಬಾದಿನ ಹಾಸ್ಯ ಮುಶಾಯಿರಾ ಬಲಿತದ್ದು ಈ ಸಂದಿಯಲ್ಲೇ ಎನ್ನಬೇಕು. 1962ರಲ್ಲಿ ‘ಜಿಂದಾ ದಿಲಾನ್-ಎ-ಹೈದರಾಬಾದ್’ ಎಂಬ ಹಾಸ್ಯಪ್ರಿಯರ ಸಂಸ್ಥೆ ಹುಟ್ಟಿತು. 1968ರಲ್ಲಿ ಮುಸ್ತಫಾ ಕಮಾಲ್ ‘ಶಗೂಫಾ’ ಎಂಬ ಹಾಸ್ಯ ಮಾಸಿಕ ಶುರುಮಾಡಿ ಐವತ್ತು ವರ್ಷಕ್ಕೂ ಮೀರಿ ನಡೆಸಿದರು. ಅದರ ಕಚೇರಿ ಮೋಅಜ್ಜಮ್ ಜಾಹಿ ಮಾರುಕಟ್ಟೆಯ ಹತ್ತಿರವೇ ಇದ್ದದ್ದು ಸೊಗಸಾದ ಕಾಕತಾಳೀಯ.

ಈ ವೇದಿಕೆಯ ಕವಿಗಳ ಹೆಸರು ಕೇಳಿದರೇ ಸಾಕು. ಹಿಂದಿನವರು ಆಸಿಫ್, ಶಾದ್ ಎಂದು ಗಂಭೀರವಾಗಿ ಕರೆದುಕೊಂಡರೆ ಇವರು ಸರ್ವರ್ ದಂಡಾ, ಪಾಗಲ್ ಆದಿಲಾಬಾದಿ, ಗಿಲ್ಲಿ ನಲ್ಗೊಂಡವಿ, ಖಾಮಖಾ. ದೊಣ್ಣೆ, ಹುಚ್ಚ, ಚಿನ್ನಿ, ಸುಮ್ಮಸುಮ್ಮನೆ! ಭಾಷೆ ದಖನಿ, ‘ನಕ್ಕೋ’ (ಬೇಡ), ‘ಕಾಯ್ಕು’ (ಯಾಕೆ) ಎನ್ನುವ ಬೀದಿಯ ಮಾತು. ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ್ ಪ್ರೇಮಗೀತೆ ಬರೆದದ್ದೂ ಹಳೆಯ ದಖನಿಯಲ್ಲೇ. 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಕೈಸೇರಿದ ಮೇಲೆ ಉತ್ತರದ ಉರ್ದುವಿನ ಮೇಲಾಟ ಬೆಳೆದು, ಒಂದು ಕಾಲದ ಆಸ್ಥಾನಭಾಷೆ ಹಳ್ಳಿಗರ ತೊದಲು ಎನಿಸಿಕೊಂಡಿತು. ಆ ತಿರಸ್ಕಾರವನ್ನೇ ಈ ಕವಿಗಳು ಬಂಡವಾಳ ಮಾಡಿಕೊಂಡರು. ಗಜಲಿನ ನಾಜೂಕು ಚೌಕಟ್ಟಿನೊಳಗೆ ಸಾಲಗಾರ, ರೇಷನ್ ಅಂಗಡಿ, ಜಗಳಗಂಟಿ ಹೆಂಡತಿ ಬಂದು ಕೂತರು. ಕೇಳಲು ಒಡ್ಡೊಡ್ಡಾದರೂ ಛಂದಸ್ಸು ತಪ್ಪುವುದು ಅಪರೂಪ. ಹೀಗಾಗಿ ಇದನ್ನು ಕೆಟ್ಟ ಕವಿತೆ ಎನ್ನುವುದಕ್ಕಿಂತ ಕೆಟ್ಟ ಕವಿತೆಯ ವೇಷ ಎನ್ನುವುದೇ ಸರಿ.

ಇವರಲ್ಲಿ ಕನ್ನಡನಾಡಿಗೆ ಸೇರಿದವರು ಸುಲೇಮಾನ್ ಖತೀಬ್. ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ, ಕಲಬುರಗಿಯಲ್ಲಿ ನೀರು ಸರಬರಾಜಿನ ನೌಕರಿ ಮಾಡಿಕೊಂಡು, ಹೈದರಾಬಾದಿನ ವೇದಿಕೆಗಳನ್ನು ಗೆದ್ದವರು; ‘ಕೇವಡೇ ಕಾ ಬನ್’ ಅವರ ಸಂಕಲನ. ಅತ್ತೆ ಸೊಸೆಯನ್ನು ಬಯ್ಯುವ ಅವರ ಪದ್ಯಕ್ಕೆ ನಕ್ಕು ಸುಸ್ತಾದ ಸಭೆ ಕೊನೆಯ ಹೊತ್ತಿಗೆ ಕಣ್ಣೊರೆಸಿಕೊಳ್ಳುವಂತಾಗುತ್ತಿತ್ತು. ಬೇಕೆಂದೇ ಒರಟಾಗಿ ಬರೆಯುವವನಿಗಷ್ಟೇ ಸಿಗುವ ಹಿಡಿತ ಇದು. ಸ್ಕಾಟ್‌ಲೆಂಡಿನ ಡಂಡೀ ಪಟ್ಟಣದ ಕವಿ ವಿಲಿಯಂ ಮೆಕ್‌ಗೊನಗಲ್ ಇದಕ್ಕೆ ತದ್ವಿರುದ್ಧ. 1879ರಲ್ಲಿ ಟೇ ನದಿಯ ರೈಲು ಸೇತುವೆ ಕುಸಿದ ದುರಂತವನ್ನು ಆತ ಪೂರಾ ಶ್ರದ್ಧೆಯಿಂದ ಹಾಡಿದ. ಜನ ಇಂದಿಗೂ ನಗುತ್ತಿದ್ದಾರೆ.

ಶ್ರದ್ಧೆಯಿಂದಲೇ ಕೆಟ್ಟದಾಗಿ ಬರೆಯುವ ಕವಿಯನ್ನು ಹೈದರಾಬಾದಿನ ತೆಲುಗರಿಗೆ ಚಿರಪರಿಚಿತಗೊಳಿಸಿದ್ದು ಸಿನಿಮಾ. ಜಂಧ್ಯಾಲ ನಿರ್ದೇಶಿಸಿದ ‘ಚಂಟಬ್ಬಾಯಿ’ (1986) ಚಿರಂಜೀವಿಯ ಪತ್ತೇದಾರಿ ಹಾಸ್ಯಚಿತ್ರ. ಅದರಲ್ಲಿ ಶ್ರೀಲಕ್ಷ್ಮಿಯ ಪಾತ್ರ, ಬರಹಗಾರ್ತಿಯಾಗುವ ಹುಚ್ಚು ಹತ್ತಿದ ಗೃಹಿಣಿ. ಸ್ವಂತ ಕವಿತೆಗಳನ್ನು ಹೊತ್ತು ಪತ್ರಿಕೆಯ ಸಂಪಾದಕನ ಮುಂದೆ ಕೂರುತ್ತಾಳೆ, ದನಿಯೆತ್ತಿ ಓದುತ್ತಾಳೆ, ಆತ ಬೆವರುತ್ತಾನೆ. ಆಕೆಗೆ ತನ್ನ ಪ್ರತಿಭೆಯ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಚಿತ್ರದ ಪತ್ತೇದಾರಿ ಕಥೆ ಮರೆತವರೂ ಈ ಕವಿತೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ.