ಸಂಶೋಧನ ಪದವಿಯ ಬೆಲೆ: ಇಬ್ಬರು ವಿದ್ಯಾರ್ಥಿನಿಯರ ವೃತ್ತಾಂತ

ಪುಣೆಯ ಶಿವಾಜಿನಗರದ ಪವನಶಾಸ್ತ್ರ ಕಚೇರಿಯನ್ನು ಜನರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ಇಲಾಖೆಯ ಮುಖ್ಯ ಕಚೇರಿಯು 1928ರಲ್ಲಿ ಸಿಮ್ಲೆಯಿಂದ ಇಲ್ಲಿಗೆ ಬಂದುದೇ ಆ ಹೆಸರಿಗೆ ಕಾರಣ. 1948ರಲ್ಲಿ ಇಲ್ಲಿ ಕೆಲಸಕ್ಕೆ ಸೇರಿದ ಅಣ್ಣಾ ಮಾಣಿಯವರು ಒಂದು ಸಂಶೋಧನ ಪ್ರಬಂಧವನ್ನು ಬರೆದು ಮುಗಿಸಿದ್ದರು; ಆದರೆ ಅದಕ್ಕೆ ಸಲ್ಲಬೇಕಾದ ಪದವಿ ಅವರಿಗೆ ದೊರೆತಿರಲಿಲ್ಲ. ಏಕೆ ದೊರೆಯಲಿಲ್ಲವೆಂಬುದನ್ನು ತಿಳಿಯಬೇಕಾದರೆ ಅವರಿಗಿಂತ ಮೊದಲು ಬೆಂಗಳೂರಿನಲ್ಲಿ ಜೀವರಸಾಯನವನ್ನು ಅಭ್ಯಸಿಸಿದ ಇನ್ನೊಬ್ಬ ವಿದ್ಯಾರ್ಥಿನಿಯ ಚರಿತ್ರೆಯನ್ನು ಜೊತೆಯಲ್ಲಿಟ್ಟು ನೋಡಬೇಕು.

1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮನಾದ ಮನ್ನಣೆ ದೊರೆತದ್ದು 1958ರಲ್ಲಿ. ಅದಕ್ಕೆ ಮೊದಲು ಅಲ್ಲಿ ದುಡಿದವರು ಪದವಿ ಬೇಕಾದಲ್ಲಿ ತಮ್ಮ ಪ್ರಬಂಧವನ್ನು ಮುಂಬಯಿ, ಮದರಾಸು ಮೊದಲಾದ ವಿಶ್ವವಿದ್ಯಾಲಯಗಳಿಗೆ ಒಪ್ಪಿಸಬೇಕಾಗಿತ್ತು. 1940ರ ದಶಕದ ಕೊನೆಯವರೆಗೆ ಪುಣೆಯೂ ಧಾರವಾಡವೂ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಸೇರಿದ್ದುವೆಂಬುದನ್ನು ಇಲ್ಲಿ ನೆನೆಯಬಹುದು.

ಆ ವಿಶ್ವವಿದ್ಯಾಲಯದ ಪದವೀಧರೆಯಾದ ಕಮಲಾ ಭಾಗವತರು, ಮುಂದೆ ಕಮಲಾ ಸೋಹೋನಿಯವರು, 1933ರಲ್ಲಿ ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಒಪ್ಪಲಿಲ್ಲ. ಕಮಲಾ ಅವರು ಪಟ್ಟು ಬಿಡದಿರಲು, ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕುದೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸಮಾಡಿದರು. 1936ರಲ್ಲಿ ಸಂಶೋಧನೆಯ ಮೂಲಕವೇ ಎಂ.ಎಸ್‌ಸಿ. ಪದವಿ ಅವರಿಗೆ ಲಭಿಸಿತು. ಮುಂದೆ ಕೇಂಬ್ರಿಜ್ಜಿಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ದ್ರವ್ಯವಿರುವುದನ್ನು ತೋರಿಸಿ, 1939ರಲ್ಲಿ ಡಾಕ್ಟರೇಟು ಪಡೆದರು.

ಅಣ್ಣಾ ಮಾಣಿಯವರದು ಭೌತವಿಜ್ಞಾನ. 1940ರಲ್ಲಿ ಅದೇ ಸಂಸ್ಥೆಯಲ್ಲಿ ಅದೇ ರಾಮನ್ನರ ಪ್ರಯೋಗಶಾಲೆಯನ್ನು ಅವರು ಸೇರಿದರು. ಏಳು ವರ್ಷಗಳಲ್ಲಿ ಬಾಗಿಲು ಅಷ್ಟುಮಟ್ಟಿಗೆ ತೆರೆದಿತ್ತು. ವಜ್ರ, ಮಾಣಿಕ್ಯಗಳ ಬೆಳಕನ್ನು ಪರೀಕ್ಷಿಸಿ ಐದು ಲೇಖನಗಳನ್ನು ಪ್ರಕಟಿಸಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ತಾಗಿಸಬೇಕಾಗುತ್ತಿದ್ದುದರಿಂದ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಉಳಿಯುತ್ತಿದ್ದುದೂ ಉಂಟು. 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟಿನ ಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್‌ಸಿ. ಇಲ್ಲದವರಿಗೆ ಡಾಕ್ಟರೇಟು ಸಲ್ಲದೆಂದು ಅವರಿಗೆ ಪದವಿಯನ್ನು ನಿರಾಕರಿಸಲಾಯಿತು. ಅವರು ಇಂಗ್ಲೆಂಡಿನಲ್ಲಿ ಹವಾಮಾನದ ಉಪಕರಣಗಳನ್ನು ಅಭ್ಯಸಿಸಿ ಪುಣೆಗೆ ಬಂದು, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿದರು.

ಇಬ್ಬರ ಶ್ರಮದಲ್ಲಿ ಹೆಚ್ಚುಕಡಮೆಯನ್ನು ಎಣಿಸುವುದು ಉಚಿತವಲ್ಲ. ಒಬ್ಬರಿಗೆ ಪ್ರವೇಶವೇ ಕಷ್ಟವಾಯಿತು, ಆದರೆ ದುಡಿಮೆ ಪದವಿಯಾಗಿ ಫಲಿಸಿತು. ಇನ್ನೊಬ್ಬರಿಗೆ ಪ್ರವೇಶ ದೊರೆಯಿತು, ದುಡಿಮೆ ಲೆಕ್ಕಕ್ಕೆ ಬರಲಿಲ್ಲ. ಸಂಶೋಧನೆಯ ಎಂ.ಎಸ್‌ಸಿ. ಎಂದರೆ ಕೈಯಿಂದ ಮಾಡಿದ ಕೆಲಸವನ್ನೇ ಪರೀಕ್ಷೆಯೆಂದು ಒಪ್ಪುವ ಪದವಿ. ಹಾಗೆ ಒಪ್ಪುವ ನಿಯಮ ಕಮಲಾ ಅವರನ್ನು ಮುಂದಿನ ಮೆಟ್ಟಿಲಿಗೆ ಏರಿಸಿತು. ಅಣ್ಣಾ ಮಾಣಿಯವರಿಗೆ ಆ ಮೆಟ್ಟಿಲೇ ಇಲ್ಲವಾಯಿತು.

ಬ್ಯಾಂಕಿನಲ್ಲಿ ದುಡಿಯುವ ನನ್ನಂಥವನಿಗೆ ಕಾಗದದ ಬೆಲೆ ಗೊತ್ತು. ಸಹಿಯಿಲ್ಲದ ಹುಂಡಿಗೆ ಹಣವಿಲ್ಲ, ನಿಜ. ಆದರೆ ಸಹಿಯಿಲ್ಲವೆಂದ ಮಾತ್ರಕ್ಕೆ ಸರಕು ಸುಳ್ಳಾಗುವುದಿಲ್ಲ. ನಮ್ಮ ಮಕ್ಕಳು ಇಂದು ಪುಣೆಯ ಪ್ರಯೋಗಶಾಲೆಗಳ ಬಾಗಿಲಲ್ಲಿ ನಿಂತಿರುವಾಗ, ವಿದ್ವತ್ತನ್ನು ಅಳೆಯುವವರು ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಓದುವುದು ಲೇಸು.