ಎದೆಯಲ್ಲಿ ಗುಂಡಿನ ಚೂರು, ಕೈಯಲ್ಲಿ ಸೀಮೆಸುಣ್ಣ



ಯುದ್ಧಗಳ ಕಾರಣ ಮತ್ತು ಪರಿಣಾಮಗಳನ್ನು ನಾವು ಇತಿಹಾಸದ ಪಾಠದಲ್ಲಿ ಓದುತ್ತೇವೆ. ಒಪ್ಪಂದದ ಇಸವಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತೇವೆ. ಆದರೆ ಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಸೈನಿಕ ಏನಾದ, ಅವನು ಉಳಿದ ಬದುಕನ್ನು ಹೇಗೆ ಕಳೆದ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಗಾಯಗೊಂಡ ದೇಹ ಮತ್ತು ಮುರಿದ ಮನಸ್ಸಿನೊಂದಿಗೆ ಬಂದವನು ದ್ವೇಷದಲ್ಲೇ ಉಳಿದ ದಿನಗಳನ್ನು ಕಳೆದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಹಾಗೆ ಮಾಡದೆ ಶಾಲೆಯ ಬಾಗಿಲು ತೆರೆದ ಒಬ್ಬ ಶಿಕ್ಷಕರ ಜೀವನವನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಉಕ್ರೇನಿನ ವಸಿಲ್ ಸುಖೊಮ್ಲಿನ್ಸ್ಕಿ.

ಸುಖೊಮ್ಲಿನ್ಸ್ಕಿಯವರು ಹುಟ್ಟಿದ್ದು 1918ರ ಸೆಪ್ಟೆಂಬರ್ 28ರಂದು, ಮಧ್ಯ ಉಕ್ರೇನಿನ ವಸಿಲಿವ್ಕಾ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ. 1935ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲೇ ಅವರು ಹಳ್ಳಿಯ ಶಾಲೆಯೊಂದರಲ್ಲಿ ಶಿಕ್ಷಕರಾದರು. ಕೆಲಸ ಮಾಡುತ್ತಲೇ ಪೊಲ್ತಾವಾ ನಗರದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಓದು ಮುಗಿಸಿದರು. ನಂತರ ಒನುಫ್ರಿಯಿವ್ಕಾ ಊರಿನ ಪ್ರೌಢಶಾಲೆಯಲ್ಲಿ ಮಾತೃಭಾಷೆಯಾದ ಉಕ್ರೇನಿಯನ್ ಮತ್ತು ಅದರ ಸಾಹಿತ್ಯವನ್ನು ಕಲಿಸತೊಡಗಿದರು. ಮದುವೆಯೂ ಆಯಿತು. ಪತ್ನಿ ವೇರಾ ಸಹ ಶಿಕ್ಷಕಿ.

1941ರ ಜೂನ್ 22ರಂದು ಹಿಟ್ಲರನ ಸೈನ್ಯ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿತು. ಮುಂದಿನ ತಿಂಗಳೇ ಸುಖೊಮ್ಲಿನ್ಸ್ಕಿಯವರು ಸೈನ್ಯಕ್ಕೆ ಸೇರಿದರು. 1942ರ ಫೆಬ್ರವರಿಯಲ್ಲಿ ರ್ಜೇವ್ ಪಟ್ಟಣದ ಸಮೀಪ ನಡೆದ ಭೀಕರ ಕಾಳಗದಲ್ಲಿ ಅವರ ಎದೆಗೂ ಎಡಗೈಗೂ ತೀವ್ರ ಗಾಯವಾಯಿತು. ಕೈಯನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತ್ತು, ಹೇಗೋ ಉಳಿಯಿತು. ಎದೆಯೊಳಗೆ ಹೊಕ್ಕ ಲೋಹದ ಚೂರುಗಳನ್ನು ಮಾತ್ರ ಪೂರ್ತಿ ತೆಗೆಯಲಾಗಲಿಲ್ಲ. ಅವು ಸಾಯುವವರೆಗೂ ಅವರ ದೇಹದಲ್ಲೇ ಇದ್ದವು.

ಯುದ್ಧರಂಗಕ್ಕೆ ಮರಳುವ ಶಕ್ತಿ ಆ ದೇಹಕ್ಕೆ ಇರಲಿಲ್ಲ. ದೂರದ ಉದ್ಮೂರ್ತಿಯಾ ಪ್ರಾಂತ್ಯದ ಉವಾ ಎಂಬ ಊರಿನಲ್ಲಿ ಚಿಕಿತ್ಸೆ ಪಡೆದು, 1942ರಲ್ಲಿ ಅಲ್ಲಿಯ ಶಾಲೆಗೇ ಮುಖ್ಯೋಪಾಧ್ಯಾಯರಾದರು. 1944ರಲ್ಲಿ, ನಾಜಿಗಳ ಹಿಡಿತದಿಂದ ಬಿಡುಗಡೆಗೊಂಡ ತಮ್ಮ ಊರಿಗೆ ಮರಳಿದಾಗ ಅವರಿಗೆ ಎದುರಾದದ್ದು ಘೋರ ಸುದ್ದಿ. ಪತ್ನಿ ವೇರಾ ಅವರನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟು ಕೊಲ್ಲಲಾಗಿತ್ತು. ತಂದೆ ಒಮ್ಮೆಯೂ ಕಾಣದ ಅವರ ಹಸುಗೂಸೂ ಬದುಕಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಇಪ್ಪತ್ತೈದರ ವಯಸ್ಸು, ಎದೆಯಲ್ಲಿ ಚೂರುಗಳು, ಬರಿದಾದ ಮನೆ. ದ್ವೇಷಕ್ಕೆ ಇದಕ್ಕಿಂತ ದೊಡ್ಡ ಕಾರಣ ಯಾರಿಗೆ ಬೇಕು? ಆದರೆ ಅವರು ಆರಿಸಿಕೊಂಡ ದಾರಿ ಬೇರೆ. ಉವಾದಲ್ಲಿ ಪರಿಚಯವಾದ ಅನ್ನಾ ಇವಾನೊವ್ನಾ ಅವರನ್ನು ವಿವಾಹವಾಗಿ ಮತ್ತೆ ಸಂಸಾರ ಹೂಡಿದರು. ಸೆರ್ಹಿಯ್ ಎಂಬ ಮಗ, ಓಲ್ಹಾ ಎಂಬ ಮಗಳು ಹುಟ್ಟಿದರು. ಜಿಲ್ಲಾ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು ಆ ಕುರ್ಚಿಯನ್ನು ಬಿಟ್ಟು, ತಾವೇ ಕೇಳಿಕೊಂಡು 1948ರಲ್ಲಿ ಪಾವ್ಲಿಷ್ ಎಂಬ ಗ್ರಾಮೀಣ ಶಾಲೆಯ ಮುಖ್ಯೋಪಾಧ್ಯಾಯರಾದರು. ಬಡ್ತಿ ಸಿಕ್ಕಿದರೆ ತರಗತಿಯಿಂದ ಕಚೇರಿಗೆ ಹೋಗುವುದನ್ನು ನಾವು ನೋಡಿದ್ದೇವೆ. ಕಚೇರಿಯಿಂದ ತರಗತಿಗೆ ಇಳಿದು ಬರುವವರು ಅಪರೂಪ. ಸಾಯುವವರೆಗೆ 22 ವರ್ಷ ಅವರು ಆ ಶಾಲೆಯನ್ನು ಬಿಟ್ಟು ಹೋಗಲಿಲ್ಲ. ಪತ್ನಿಯೂ ಅದೇ ಶಾಲೆಯಲ್ಲಿ ಪಾಠ ಮಾಡಿದರು.

ಪಾವ್ಲಿಷ್ ಶಾಲೆಗೆ ಬರುತ್ತಿದ್ದವರು ಯುದ್ಧವನ್ನು ಕಂಡ ಮಕ್ಕಳು. ಹಲವರಿಗೆ ತಂದೆ ಇರಲಿಲ್ಲ. ಹಸಿವು, ಭಯ, ಮನೆಯೊಳಗಿನ ಕಣ್ಣೀರು ಇವೆಲ್ಲ ಆ ಎಳೆಯ ಮನಸ್ಸುಗಳಲ್ಲಿ ಸೇರಿಹೋಗಿದ್ದವು. ಇಂತಹ ಮಗುವಿನ ಕೈಗೆ ಮೊದಲ ದಿನವೇ ಪುಸ್ತಕ ಕೊಟ್ಟು ಓದು ಎಂದರೆ ಅದು ಓದೀತೇ? ಮೊದಲು ಮನಸ್ಸಿನ ಗಾಯ ಮಾಯಬೇಕು, ಆಮೇಲೆ ಅಕ್ಷರ ಎಂಬುದು ಅವರ ನಿಲುವಾಗಿತ್ತು.

ಅದಕ್ಕಾಗಿ 1951ರಲ್ಲಿ ಅವರು ಆರು ವರ್ಷದ 31 ಮಕ್ಕಳನ್ನು ಸೇರಿಸಿಕೊಂಡು ಆನಂದದ ಶಾಲೆಯನ್ನು ಆರಂಭಿಸಿದರು. ಅಲ್ಲಿ ಮಕ್ಕಳು ಏಳನೆಯ ವಯಸ್ಸಿಗೆ ಶಾಲೆಗೆ ಸೇರುತ್ತಿದ್ದ ಕಾಲ ಅದು. ಹೀಗಾಗಿ ಇದು ಒಂದು ವರ್ಷದ ಪೂರ್ವಸಿದ್ಧತೆ. ಈ ಶಾಲೆಗೆ ಗೋಡೆಗಳಿರಲಿಲ್ಲ. ದ್ರಾಕ್ಷಿ ಚಪ್ಪರದ ನೆರಳು, ಹುಲ್ಲುಗಾವಲು, ಹೊಳೆಯ ದಂಡೆಗಳೇ ತರಗತಿಗಳು. ಮಕ್ಕಳು ಹುಲ್ಲುಗಾವಲಿಗೆ ಹೋಗಿ ಕಣ್ತುಂಬ ನೋಡುವರು, ಅದರ ಚಿತ್ರ ಬಿಡಿಸುವರು. ಚಿತ್ರದ ಕೆಳಗೆ ಆ ಪದವನ್ನು ಬರೆಯುವರು. ಹೀಗೆ ಕಲಿತ ಅಕ್ಷರದಲ್ಲಿ ಹುಲ್ಲಿನ ವಾಸನೆ, ದುಂಬಿಯ ಸದ್ದು ಎಲ್ಲವೂ ಇರುತ್ತಿತ್ತು. ಮಕ್ಕಳೇ ಕಥೆ ಕಟ್ಟಿ ಹೇಳುತ್ತಿದ್ದರು. ತಾಯಿಗೊಂದು, ತಂದೆಗೊಂದು, ಅಜ್ಜ ಅಜ್ಜಿಯರಿಗೊಂದು ಎಂದು ಸೇಬಿನ ಸಸಿ ನೆಟ್ಟು ಬೆಳೆಸುತ್ತಿದ್ದರು. ಮೊದಲ ಫಲ ಹಿರಿಯರಿಗೆ.

ಅಂಕಗಳ ವಿಷಯದಲ್ಲೂ ಅವರ ದಾರಿ ಬೇರೆಯೇ. ಕಿರಿಯ ಮಕ್ಕಳಿಗೆ ಅವರು ಅನುತ್ತೀರ್ಣತೆಯ ಅಂಕವನ್ನೇ ಕೊಡುತ್ತಿರಲಿಲ್ಲ. ಮಗುವಿಗೆ ಲೆಕ್ಕ ಬರಲಿಲ್ಲವೆಂದರೆ ಅಂಕ ಬರೆಯದೆ ಬಿಡುವುದು, ಮತ್ತೆ ಪ್ರಯತ್ನಿಸಲು ಬಿಡುವುದು, ಬಂದ ಮೇಲೆ ಅಂಕ ಕೊಡುವುದು. ಅಂಕವು ದುಡಿಮೆಯ ಫಲವಾಗಬೇಕೇ ಹೊರತು ಬೆನ್ನಿಗೆ ಬೀಳುವ ಬೆತ್ತವಾಗಬಾರದು. ಇದು ಸಡಿಲ ಬಿಡುವುದಲ್ಲ ಎಂಬುದನ್ನು ಶಿಕ್ಷಕ ಮಿತ್ರರು ಗಮನಿಸಬೇಕು. ಮಗು ಕಲಿಯುವವರೆಗೂ ಶಿಕ್ಷಕನಿಗೆ ಬಿಡುವಿಲ್ಲ ಎಂಬುದೇ ಇದರ ಅರ್ಥ.

ಸುಖೊಮ್ಲಿನ್ಸ್ಕಿಯವರು ಪೋಷಕರಿಗೂ ಒಂದು ಶಾಲೆ ನಡೆಸಿದರು. ಮಗು ಶಾಲೆಗೆ ಸೇರುವ ಮೊದಲೇ ತಂದೆತಾಯಿ ಆ ತರಗತಿಗೆ ಬರಬೇಕಾಗಿತ್ತು. ಮಗುವಿನ ದೂರು ಹೇಳಲು ಅಲ್ಲ, ಮಗುವನ್ನು ಅರಿಯುವುದು ಹೇಗೆಂದು ಕಲಿಯಲು. ನಮ್ಮಲ್ಲಿ ಎಸ್‌ಡಿಎಂಸಿ ಸಭೆ ಎಂದರೆ ಕಟ್ಟಡ, ಬಿಸಿಯೂಟ, ಸಹಿ ಇಷ್ಟರಲ್ಲೇ ಮುಗಿಯುವುದುಂಟು. ಅಲ್ಲಿ ಇಂತಹ ಮಾತಿಗೂ ಅರ್ಧ ಗಂಟೆ ಮೀಸಲಿಟ್ಟರೆ ಎಷ್ಟು ಚೆನ್ನಾಗಿರುತ್ತದೆ! ಉರ್ದುವಿನಲ್ಲಿ ನಾವು ತಾಲೀಮ್ ಮತ್ತು ತರ್ಬಿಯತ್ ಎಂದು ಎರಡು ಪದಗಳನ್ನು ಜೊತೆಯಾಗಿ ಬಳಸುತ್ತೇವೆ. ಒಂದು ವಿದ್ಯೆ, ಇನ್ನೊಂದು ಸಂಸ್ಕಾರ. ಮೊದಲನೆಯದು ಶಾಲೆಯದು, ಎರಡನೆಯದು ಮನೆಯದು ಎಂದು ಹಂಚಿಕೊಂಡು ಕುಳಿತರೆ ಮಗುವಿಗೆ ಎರಡೂ ದಕ್ಕುವುದಿಲ್ಲ.

ಇಷ್ಟೆಲ್ಲದರ ನಡುವೆ ಅವರು ಬರೆದದ್ದು ಯಾವಾಗ ಎಂದು ನೀವು ಕೇಳಬಹುದು. ನಸುಕಿನಲ್ಲೇ ಎದ್ದು ಶಾಲೆಯ ಗಂಟೆ ಬಾರಿಸುವ ಮೊದಲು! ಅವರ ಹೆಸರನ್ನು ಲೋಕಕ್ಕೆ ಮುಟ್ಟಿಸಿದ 'ಮಕ್ಕಳಿಗೆ ನನ್ನ ಹೃದಯ' ಎಂಬ ಅರ್ಥದ ಶೀರ್ಷಿಕೆಯ ಪುಸ್ತಕ 1969ರಲ್ಲಿ ಕೀವ್ ನಗರದಲ್ಲಿ ಪ್ರಕಟವಾಯಿತು. ಮಕ್ಕಳಿಗಾಗಿ ನೂರಾರು ಪುಟ್ಟ ಕಥೆಗಳನ್ನು ಬರೆದರು. ಕಾಲೇಜು ಸೇರಿದ ಮಗನಿಗೆ ತಂದೆ ಬರೆಯುವ ಪತ್ರಗಳ ರೂಪದಲ್ಲೂ ಒಂದು ಕೃತಿಯಿದೆ. ಊರಿನ ಮಕ್ಕಳಿಗೆ ಗುರುವಾದವರು ತಮ್ಮ ಮಕ್ಕಳಿಗೆ ತಂದೆಯಾಗುವುದನ್ನು ಮರೆಯಲಿಲ್ಲ. ಮಗಳು ಓಲ್ಹಾ ಮುಂದೆ ಉಕ್ರೇನಿನ ಹೆಸರಾಂತ ಶಿಕ್ಷಣ ವಿದ್ವಾಂಸರಾದರು.

ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯರೇ ಆಗಿದ್ದರು. ಆದರೂ ಸಮೂಹಕ್ಕಿಂತ ಒಂದೊಂದು ಮಗುವಿನ ಮನಸ್ಸಿಗೆ ಹೆಚ್ಚು ಬೆಲೆ ಕೊಟ್ಟರೆಂದು 1967ರಲ್ಲಿ ಪತ್ರಿಕೆಯಲ್ಲಿ ಅವರ ವಿರುದ್ಧ ಕಟುವಾದ ಟೀಕೆ ಬಂತು. ಮರುವರ್ಷವೇ ಸರ್ಕಾರ ಅವರಿಗೆ ಸಮಾಜವಾದಿ ದುಡಿಮೆಯ ವೀರ ಎಂಬ ಉನ್ನತ ಬಿರುದನ್ನೂ ಕೊಟ್ಟಿತು. ಟೀಕೆಗೆ ಕುಗ್ಗಿ ಅವರು ಶಾಲೆಯ ರೀತಿಯನ್ನು ಬದಲಿಸಲಿಲ್ಲ. ಬಿರುದು ಬಂತೆಂದು ಹಳ್ಳಿಯನ್ನೂ ಬಿಡಲಿಲ್ಲ.

1970ರ ಸೆಪ್ಟೆಂಬರ್ 1ರಂದು ಹೊಸ ಶಾಲಾ ವರ್ಷ ಆರಂಭವಾಯಿತು. ಮರುದಿನ, ಸೆಪ್ಟೆಂಬರ್ 2ರಂದು, ಸುಖೊಮ್ಲಿನ್ಸ್ಕಿಯವರು ತಮ್ಮ 51ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಯುದ್ಧದ ಗಾಯಗಳು ಆ ದೇಹವನ್ನು ಒಳಗಿನಿಂದಲೇ ಸವೆಸಿದ್ದವು.

ಅವರ ನಾಡು 2022ರ ಫೆಬ್ರವರಿಯಲ್ಲಿ ರಷ್ಯಾದ ದಾಳಿಗೆ ಒಳಗಾಗಿ ಮತ್ತೊಮ್ಮೆ ಮಹಾಯುದ್ಧವನ್ನು ಕಂಡಿತು. ಮತ್ತೆ ಮಕ್ಕಳು ನೆಲಮಾಳಿಗೆಯಲ್ಲಿ ಕುಳಿತು ಪಾಠ ಕೇಳಬೇಕಾಯಿತು. ಹೀಗಿರುವಾಗ ಒಬ್ಬ ಶಿಕ್ಷಕನ ದುಡಿಮೆಯಿಂದ ಏನಾಯಿತು ಎಂದು ಯಾರಾದರೂ ಕೇಳಬಹುದು. ಒಂದು ಶಾಲೆ ಯುದ್ಧವನ್ನು ತಡೆಯಲಾರದು, ನಿಜ. ಆದರೆ ಯುದ್ಧ ಕಂಡ ಮಗು ದ್ವೇಷ ತುಂಬಿದ ದೊಡ್ಡವನಾಗದಂತೆ ತಡೆಯಬಲ್ಲದು. ಪಾವ್ಲಿಷ್ ಶಾಲೆ ಮಾಡಿದ್ದು ಅದನ್ನೇ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ನಾಳೆ ಶಿಕ್ಷಕರಾಗುವವರು, ಇನ್ನೂ ಹೆಚ್ಚಿನವರು ತಂದೆತಾಯಿಗಳಾಗುವವರು. ನಿಮ್ಮ ಮುಂದೆಯೂ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತ ಮಗುವೊಂದು ಬರುತ್ತದೆ. ಅದನ್ನು ದಡ್ಡನೆಂದು ಕರೆಯುವ ಮೊದಲು ಅದರ ಮನೆಯಲ್ಲಿ ಏನು ನಡೆದಿದೆ ಎಂದು ವಿಚಾರಿಸಿರಿ. ಅಷ್ಟು ಮಾಡಿದರೆ ಈ ಲೇಖನ ಬರೆದದ್ದು ಸಾರ್ಥಕ.