ಮೆಮೊರಿ ಸಾಲದು ಎಂಬ ಹಳೆಯ ಗೋಳು

ಮನೆಯ ಕಂಪ್ಯೂಟರು "ಮೆಮೊರಿ ಸಾಲದು" ಎಂದು ಎಚ್ಚರಿಸಿದರೆ ಏನು ಮಾಡಬೇಕು ಎಂದು ಗೆಳೆಯರು ಆಗಾಗ ಕೇಳುತ್ತಾರೆ. ನಾನು ಮರುಪ್ರಶ್ನೆ ಹಾಕುತ್ತೇನೆ: ಯಾವ ಮೆಮೊರಿ? ಹೇಳಿದ್ದು ಯಾರು? ಈ ಎರಡು ಪ್ರಶ್ನೆಗಳ ಹಿಂದೆ ದೊಡ್ಡ ಕತೆಯೇ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

1981ರಲ್ಲಿ ಐಬಿಎಂ ಹೊರತಂದ ಪಿಸಿಯಲ್ಲಿ ಇದ್ದದ್ದು ಇಂಟೆಲ್ 8088 ಚಿಪ್ಪು. ಅದು ಗುರುತಿಸಬಲ್ಲ ಮೆಮೊರಿ 1,024 ಕಿಲೋಬೈಟ್ ಮಾತ್ರ. ಅದರಲ್ಲಿ ಮೇಲಿನ 384ನ್ನು ಪರದೆ ಮುಂತಾದ ಯಂತ್ರಭಾಗಗಳಿಗೆ ಮೀಸಲಿಟ್ಟರು. ಪ್ರೋಗ್ರಾಮುಗಳಿಗೆ ಉಳಿದದ್ದು 640. ಮುಂದೆ ಜನ ನಾಲ್ಕೆಂಟು ಮೆಗಾಬೈಟ್ ಹಾಕಿಸಿಕೊಂಡರೂ ಬಹುಪಾಲು ಡಾಸ್ ಪ್ರೋಗ್ರಾಮುಗಳು ಈ 640ರಲ್ಲೇ ಒದ್ದಾಡಿದವು.

1992ರ ವಿಂಡೋಸ್ 3.1ರದು ಇನ್ನೊಂದು ಬಗೆ. ಕಿಟಕಿ, ಮೆನು, ಚಿತ್ರಗಳ ಲೆಕ್ಕವನ್ನು ಅದು 64 ಕಿಲೋಬೈಟಿನ ಪುಟ್ಟ ಡಬ್ಬಿಗಳಲ್ಲಿ ಇಡುತ್ತಿತ್ತು. ಡಬ್ಬಿ ತುಂಬಿತೋ, ಎಷ್ಟೋ ಮೆಗಾಬೈಟ್ ಖಾಲಿ ಇದ್ದರೂ "ಮೆಮೊರಿ ಮುಗಿಯಿತು"! ಮನೆ ತುಂಬ ಕೋಣೆಗಳಿವೆ, ಬೀಗದ ಕೈ ತೂಗುಹಾಕಲು ಮೊಳೆ ಇಲ್ಲ ಎಂದ ಹಾಗೆ.

ಈ ಗೊಂದಲದಲ್ಲೇ ಕೆಲವರಿಗೆ ವ್ಯಾಪಾರ ಕಂಡಿತು. 1995ರಲ್ಲಿ ಅಮೆರಿಕದ ಸಿಂಕ್ರೋನಿಸ್ ಎಂಬ ಕಂಪನಿ, ಇರುವ ಮೆಮೊರಿಯನ್ನೇ ಇಮ್ಮಡಿ ಮಾಡುತ್ತೇವೆಂದು ಸಾಫ್ಟ್‌ರ್‍ಯಾಮ್ 95 ಎಂಬ ತಂತ್ರಾಂಶ ಮಾರಿತು. ರ್‍ಯಾಮ್ ದುಬಾರಿಯಾಗಿದ್ದ ಕಾಲ, ಜನ ಮುಗಿಬಿದ್ದು ಕೊಂಡರು. ಪರದೆಯ ಮೇಲೆ ಅಂಕಿಯೂ ಏರುತ್ತಿತ್ತು. ಮಾರ್ಕ್ ರುಸಿನೊವಿಚ್ ಮುಂತಾದ ತಜ್ಞರು ಬಿಚ್ಚಿ ನೋಡಿದರೆ, ಅದು ಮೆಮೊರಿಯನ್ನು ಕುಗ್ಗಿಸಿಡುವ ಕೆಲಸವನ್ನೇ ಮಾಡುತ್ತಿರಲಿಲ್ಲ. 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಅಂಗೈಯಲ್ಲಿ ಅರಮನೆ ತೋರಿಸಿದ ಕತೆ ಇದು.

ಇಂದಿನ ವಿಂಡೋಸ್ ಎಚ್ಚರಿಸುವುದು ಬರೀ ರ್‍ಯಾಮ್ ನೋಡಿ ಅಲ್ಲ. ರ್‍ಯಾಮ್ ಜೊತೆಗೆ ಡಿಸ್ಕಿನಲ್ಲಿರುವ ಪೇಜ್ ಫೈಲ್ ಸೇರಿಸಿದ ಒಟ್ಟು ಲೆಕ್ಕ ಮುಗಿಯುತ್ತ ಬಂದಾಗ. ಹಾಗಾಗಿ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸುಮ್ಮನೆ ಕೂತ ಪ್ರೋಗ್ರಾಮೊಂದು ಗಂಟೆಗಂಟೆಗೂ ಉಬ್ಬುತ್ತಿದ್ದರೆ ಸೋರಿಕೆ ಅಲ್ಲಿರಬಹುದು. ಪೇಜ್ ಫೈಲನ್ನು ಯಾರಾದರೂ ನಿಲ್ಲಿಸಿದ್ದಾರೆಯೇ, ಡಿಸ್ಕು ತುಂಬಿದೆಯೇ ನೋಡಿ. ಹೊಸ ರ್‍ಯಾಮ್ ಕೊಳ್ಳುವ ಮಾತು ಆಮೇಲೆ.

ಎಚ್ಚರಿಕೆ ಬ್ರೌಸರಿನ ಪುಟದೊಳಗೆ ಬಂದು, ಜೊತೆಗೆ ಫೋನ್ ನಂಬರನ್ನೂ ಕೊಟ್ಟಿದ್ದರೆ? ಅದು ನಿಮ್ಮ ಕಂಪ್ಯೂಟರಿನ ಮಾತಲ್ಲ, ಕಳ್ಳನ ಮಾತು. ಪುಟ ಮುಚ್ಚಿಬಿಡಿ. ಅಂದು ಹೋಗುತ್ತಿದ್ದದ್ದು ತಂತ್ರಾಂಶದ ಬೆಲೆ, ಇಂದು ಬ್ಯಾಂಕಿನ ಖಾತೆಯೇ ಖಾಲಿಯಾಗಬಹುದು.